ರೇಸ್ ಟೈರ್ ಎಷ್ಟು ದಿನ ಬರುತ್ತದೆ? ನಾನು ಕೊಡುತ್ತಿದ್ದ ತಪ್ಪು ಉತ್ತರ

ಟೈರ್ ಕೂರಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ ದಿನವೂ ನನ್ನ ಕಿವಿಗೆ ಬೀಳುತ್ತಿದ್ದ ಪ್ರಶ್ನೆ ಒಂದೇ: ‘ಇದು ಎಷ್ಟು ಕಿಲೋಮೀಟರ್ ಬರುತ್ತದೆ?’ ರಸ್ತೆ ಟೈರಿನ ಗಿರಾಕಿಗಳಿಗೆ ಒಂದು ಅಂದಾಜು ಹೇಳಿ ರೂಢಿಯಾಗಿದ್ದ ನಾಲಿಗೆ ಮೋಟೋಕ್ರಾಸ್, ಅಂದರೆ ಮಣ್ಣಿನ ಹಾದಿಯ ಬೈಕ್ ರೇಸಿನ ಟೈರ್ ಕೇಳಿಕೊಂಡು ಬಂದವರಿಗೂ ಏನೋ ಒಂದು ಸಂಖ್ಯೆ ಹೇಳಿಬಿಡುತ್ತಿತ್ತು. ಅದು ಎಲ್ಲಿಂದ ಬಂದ ಲೆಕ್ಕ ಎಂದು ಯಾರಾದರೂ ಕೇಳಿದ್ದರೆ ನಾನು ತಲೆ ಕೆರೆದುಕೊಳ್ಳಬೇಕಿತ್ತು. ಯಾರೂ ಕೇಳಲಿಲ್ಲ.

ಒಬ್ಬರು ಬಂದರು. ವಾರವೆಲ್ಲ ಟಾರು ರಸ್ತೆಯಲ್ಲಿ ಕೆಲಸಕ್ಕೆ ಓಡಾಟ, ರಜೆಯ ದಿನ ಮಣ್ಣಿನ ಹಾದಿ. ‘ರೇಸಿನಲ್ಲಿ ಗೆಲ್ಲುವವರು ಹಾಕುವುದೇ ನನಗೂ ಬೇಕು’ ಎಂದರು. ಮೆತ್ತನೆಯ ಮಣ್ಣಿಗೆಂದು ಮಾಡಿದ, ಎತ್ತರದ ಗುಬಟುಗಳು ದೂರ ದೂರ ನಿಂತ ಟೈರ್ ತೆಗೆದುಕೊಟ್ಟೆ. ಈ ಗುಬಟುಗಳನ್ನು ನಾವು ಬಟನ್ ಎನ್ನುತ್ತೇವೆ. ‘ಮೆತ್ತಗಿನ ರಬ್ಬರ್, ಚೆನ್ನಾಗಿ ಹಿಡಿಯುತ್ತದೆ’ ಎಂದೂ ಸೇರಿಸಿದೆ. ಮೂರನೆಯ ವಾರಕ್ಕೆ ಅವರು ಮತ್ತೆ ಬಾಗಿಲಲ್ಲಿದ್ದರು. ಹಿಂದಿನ ಟೈರಿನ ನಡುಸಾಲು ಅರ್ಧ ಸವೆದಿತ್ತು, ಎರಡು ಬಟನ್ ಬುಡದಿಂದಲೇ ಕಿತ್ತುಬಂದಿದ್ದವು.

ತಯಾರಿಕೆಯ ದೋಷ ಎಂದು ಹೇಳಿ ಟೈರ್ ವಾಪಸ್ ಕಳಿಸಲು ನಾನು ಸಿದ್ಧನಾಗಿದ್ದೆ. ನಮ್ಮ ಹಿರಿಯ ಮೆಕ್ಯಾನಿಕ್ ಏನೂ ಹೇಳದೆ ಟೈರಿನ ಬದಿಯ ಮೇಲೆ, ನಾವು ಪಕ್ಕದ ಗೋಡೆ ಎನ್ನುವ ಕಡೆ, ಬೆರಳಿಟ್ಟರು. ‘ಹೆದ್ದಾರಿ ಬಳಕೆಗಲ್ಲ’ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು ರಬ್ಬರಿನಲ್ಲೇ ಅಚ್ಚಾಗಿದ್ದವು. ನನ್ನ ಕೈಯಿಂದಲೇ ರಿಮ್‌ಗೆ ಏರಿಸಿದ ಟೈರ್, ಅದರ ಮೇಲೆ ಬರೆದಿದ್ದನ್ನು ನಾನು ಓದಿರಲಿಲ್ಲ.

ಆ ಸಂಜೆ ಅವರು ಬಿಡಿಸಿ ಹೇಳಿದ ಮೇಲೆ ವಿಷಯ ತಲೆಗೆ ಹೋಯಿತು. ಎತ್ತರದ ಬಟನ್ ಇರುವುದು ಮಣ್ಣಿನೊಳಗೆ ಇಳಿದು ಕಚ್ಚುವುದಕ್ಕೆ. ಟಾರಿನಲ್ಲಿ ಇಳಿಯಲು ಜಾಗವೇ ಇಲ್ಲ. ಬೈಕಿನ ಭಾರವೆಲ್ಲ ಕೆಲವೇ ಬಟನ್‌ಗಳ ತಲೆಯ ಮೇಲೆ ಕೂರುತ್ತದೆ, ಅವು ಅತ್ತಿತ್ತ ಬಾಗುತ್ತವೆ, ಬುಡ ಬಿಸಿಯಾಗುತ್ತದೆ, ಒಂದು ದಿನ ಹರಿದುಹೋಗುತ್ತದೆ. ಮಣ್ಣಿಗೆಂದು 12ರಿಂದ 14 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಷ್ಟೇ ಕಡಿಮೆ ಗಾಳಿ ಇಟ್ಟುಕೊಂಡು ಅದರಲ್ಲೇ ರಸ್ತೆಗೆ ಇಳಿದರಂತೂ ಬಿಸಿ ಇನ್ನೂ ಹೆಚ್ಚು. ನನ್ನ ‘ಮೆತ್ತಗಿನ ರಬ್ಬರ್’ ಮಾತಂತೂ ಪೂರ್ತಿ ತಲೆಕೆಳಗು. ಮೆತ್ತಗೆ, ಗಟ್ಟಿ ಎಂಬ ವಿಂಗಡಣೆ ನೆಲದ್ದು. ಗಟ್ಟಿ ನೆಲದ ಟೈರಿಗೇ ಸಾಮಾನ್ಯವಾಗಿ ಮೆತ್ತನೆಯ ರಬ್ಬರ್ ಹಾಕುತ್ತಾರೆ, ಏಕೆಂದರೆ ಅಲ್ಲಿ ಬಟನ್ ಒಳಗಿಳಿಯಲಾರದು, ಮೇಲ್ಮೈಗೆ ಅಂಟಿಯೇ ಹಿಡಿತ ಪಡೆಯಬೇಕು. ಇಷ್ಟು ತಿಳಿಯದೆ ಒಂದು ವರ್ಷ ಆತ್ಮವಿಶ್ವಾಸದಿಂದ ಮಾತನಾಡಿದ್ದೆನಲ್ಲ ಎಂದು ಈಗಲೂ ಮುಜುಗರವಾಗುತ್ತದೆ.

ಆಮೇಲೆ ನಾನು ಕಿಲೋಮೀಟರ್ ಲೆಕ್ಕ ಬಿಟ್ಟೆ. ಕೆಸರಿನಲ್ಲಿ ಚಕ್ರ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ, ಬೈಕ್ ಮುಂದೆ ಹೋಗಿರುವುದಿಲ್ಲ, ರಬ್ಬರ್ ಮಾತ್ರ ಸವೆದಿರುತ್ತದೆ. ಮಣ್ಣಿನ ಟೈರಿನ ಆಯಸ್ಸನ್ನು ಓಡಿಸಿದ ಗಂಟೆಗಳಲ್ಲಿ ಎಣಿಸುವುದೇ ಸರಿ. ಆ ಗಂಟೆಗಳೂ ಎಲ್ಲರಿಗೂ ಒಂದೇ ಅಲ್ಲ. ಕಲ್ಲುನೆಲದಲ್ಲಿ 450 ಸಿಸಿ ಬೈಕಿನ ಆಕ್ಸಿಲರೇಟರ್ ಒಂದೇ ಏಟಿಗೆ ತಿರುಗಿಸುವವರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಟೈರನ್ನು, ತೇವದ ಮಣ್ಣಿನಲ್ಲಿ ನಿಧಾನಕ್ಕೆ ಹೋಗುವವರು ತಿಂಗಳುಗಟ್ಟಲೆ ಬಳಸುತ್ತಾರೆ. ಎಂಜಿನ್ನಿನ ಎಳೆತವೆಲ್ಲ ಹಿಂದಿನ ಟೈರಿನ ಪಾಲು. ಎರಡು ಹಿಂದಿನ ಟೈರ್ ಮುಗಿಯುವಷ್ಟರಲ್ಲಿ ಮುಂದಿನದು ಒಂದು ಎಂಬುದು ಸವಾರರ ನಡುವೆ ಹಳೆಯ ಲೆಕ್ಕ, ಬಹುಪಾಲು ಸರಿಯಾಗಿಯೇ ಇದೆ.

ಸವೆತವನ್ನು ನೋಡುವ ರೀತಿಯೂ ಬದಲಾಯಿತು. ಮೊದಲು ಬಟನಿನ ಎತ್ತರ ನೋಡುತ್ತಿದ್ದೆ. ಈಗ ಬೆರಳಾಡಿಸಿ ಅಂಚು ನೋಡುತ್ತೇನೆ. ನೆಲ ಕಚ್ಚುವುದು ಆ ಚೂಪು ಅಂಚೇ. ಅದು ದುಂಡಗಾದರೆ ಎತ್ತರ ಮುಕ್ಕಾಲು ಪಾಲು ಉಳಿದಿದ್ದರೂ ರೇಸ್ ಸವಾರರಿಗೆ ಆ ಟೈರ್ ಮುಗಿದ ಹಾಗೆ. ವೃತ್ತಿಪರರು ಒಂದೊಂದು ರೇಸಿಗೂ ಹೊಸ ಹಿಂದಿನ ಟೈರ್ ಹಾಕುವುದು ಇದಕ್ಕೇ. ಸಮಯದ ಹಿಂದೆ ಓಡದ ರಜಾದಿನದ ಸವಾರರಿಗೆ ಅದೇ ಟೈರಿನಲ್ಲಿ ಇನ್ನೂ ಅರ್ಧ ಬಾಳು ಇದೆ. ಹಿಂದಿನ ಟೈರನ್ನು ರಿಮ್‌ನಿಂದ ಬಿಡಿಸಿ ತಿರುಗಿಸಿ ಕೂರಿಸಿದರೆ ಬಟನಿನ ಸವೆಯದ ಅಂಚು ಕೆಲಸಕ್ಕೆ ಬರುತ್ತದೆ. ಒಂದೇ ದಿಕ್ಕಿಗೆ ಸುತ್ತಬೇಕೆಂಬ ಬಾಣದ ಗುರುತಿದ್ದರೆ ಅದಕ್ಕೆ ಕೈ ಹಾಕುವುದಿಲ್ಲ. ಬಟನಿನ ಬುಡದಲ್ಲಿ ಬಿರುಕು ಕಂಡರೂ ಅಷ್ಟೇ, ಗಿರಾಕಿ ಎಷ್ಟೇ ಒತ್ತಾಯ ಮಾಡಲಿ.

ಬಟನ್ ಪೂರ್ತಿ ಇರುವ ಟೈರೂ ಮೋಸ ಮಾಡುವುದುಂಟು. ವರ್ಷಗಟ್ಟಲೆ ಬಿಸಿಲು ತಾಗುವ ಕಡೆ ಇಟ್ಟ ಟೈರ್ ನೋಡಲು ಹೊಸದರಂತಿರುತ್ತದೆ, ಉಗುರು ಒತ್ತಿದರೆ ಮಾತ್ರ ಮರದ ಹಾಗೆ ಗಟ್ಟಿ. ಪಕ್ಕದ ಗೋಡೆಯ ಮೇಲಿನ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 3218 ಎಂದಿದ್ದರೆ 2018ರ 32ನೆಯ ವಾರ.

ನಮ್ಮ ಆ ಗಿರಾಕಿಗೆ ಕೊನೆಗೆ ರಸ್ತೆ ಬಳಕೆಗೆ ಅನುಮತಿಯಿರುವ ಎಂಡ್ಯೂರೊ ಟೈರ್ ಹಾಕಿಕೊಟ್ಟೆವು. ಎಂಡ್ಯೂರೊ ಎಂದರೆ ಕಾಡುಮೇಡಿನ ದೂರದ ಹಾದಿಯ ಬೈಕ್ ಸ್ಪರ್ಧೆ, ಅದರ ಹಾದಿ ಸಾರ್ವಜನಿಕ ರಸ್ತೆಯನ್ನೂ ಹಾಯುತ್ತದೆ. ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ನಿಯಮದಂತೆ ಅದರ ಹಿಂದಿನ ಟೈರಿನ ಬಟನ್ 13 ಮಿಲಿಮೀಟರಿಗಿಂತ ಎತ್ತರ ಇರುವಂತಿಲ್ಲ. ಗಿಡ್ಡ ಬಟನ್ ಟಾರಿನ ಮೇಲೆ ಅಷ್ಟು ಬಾಗುವುದಿಲ್ಲ. ಕೂರಿಸುವ ಮುನ್ನ ಈ ಸಲ ಪಕ್ಕದ ಗೋಡೆಯ ಬರಹವನ್ನು ಗಟ್ಟಿಯಾಗಿ ಓದಿದೆ. ಅವರು ನಕ್ಕರು.

ಆಗಿನಿಂದ ಅವರು ಓಡಿಸಿದ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದು ತರುತ್ತಾರೆ. ಹಿಂದಿನ ಟೈರ್ ಈಗ ಎರಡನೆಯದು, ಒಮ್ಮೆ ತಿರುಗಿಸಿಯೂ ಆಗಿದೆ. ಮುಂದಿನದು ಇನ್ನೂ ಮೊದಲನೆಯದೇ, ಆದರೆ ಬಲಗಡೆಯ ಬಟನ್‌ಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿದೆ. ಬರುವ ವಾರ ಬಿಚ್ಚಬೇಕು.