ಸೆನ್ಸರ್ ಬಾರ್ ಬದಲಿಗೆ ಎರಡು ಎಣ್ಣೆದೀಪ

ಇಂದು ಸಂಜೆ ಜಯನಗರದ ಅಕ್ಕನ ಮನೆಯಲ್ಲಿ ರಿಮೋಟನ್ನು ಕೈಯಲ್ಲಿ ಹಿಡಿದು ಬೀಸಿ ಟಿವಿಯಲ್ಲಿ ಆಡುವ ಹಳೆಯ ಗೇಮ್ ಯಂತ್ರ, ನಿಂಟೆಂಡೊ ವೀ, ಅಟ್ಟದಿಂದ ಕೆಳಗಿಳಿಯಿತು. ಟಿವಿಯ ಬಳಿ ಇಡುವ ಅದರ ಪಟ್ಟಿ, ಸೆನ್ಸರ್ ಬಾರ್‌ನ ವೈರನ್ನು ಇಲಿ ಕಡಿದಿದ್ದರಿಂದ, ಅಕ್ಕನ ಮಗ ಎರಡು ಎಣ್ಣೆದೀಪಗಳನ್ನು ಟಿವಿಯ ಮುಂದೆ ಒಂದು ಗೇಣು ಅಂತರದಲ್ಲಿ ಹಚ್ಚಿಟ್ಟನು. ರಿಮೋಟ್ ತೋರಿಸಿದತ್ತ ಸರಿಯುವ, ಪರದೆಯ ಮೇಲಿನ ಕೈಯಾಕಾರದ ಗುರುತು ಕೂಡಲೇ ಓಡಾಡತೊಡಗಿತು.

ಆ ಬಾರ್‌ನಲ್ಲಿರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸೂಸುವ ಎಲ್‌ಇಡಿಗಳ ಎರಡು ಗುಂಪುಗಳು ಮಾತ್ರ. ನೋಡುವ ಕೆಲಸವೆಲ್ಲ ರಿಮೋಟಿನ ಮೂತಿಯಲ್ಲಿರುವ ಪುಟ್ಟ ಕ್ಯಾಮೆರಾದ್ದು: ಎರಡು ಚುಕ್ಕೆಗಳ ನಡುವಿನ ಅಂತರ ಕುಗ್ಗಿದರೆ ಕೈ ಹಿಂದೆ ಸರಿದಿದೆಯೆಂದೂ, ಅವುಗಳನ್ನು ಸೇರಿಸುವ ಗೆರೆ ವಾಲಿದರೆ ಮಣಿಕಟ್ಟು ತಿರುಗಿದೆಯೆಂದೂ ಅದರಿಂದ ಲೆಕ್ಕ ಸಿಗುತ್ತದೆ. ದೀಪದ ಜ್ವಾಲೆಯೂ ಇನ್‌ಫ್ರಾರೆಡ್ ಸೂಸುವುದರಿಂದ ಕ್ಯಾಮೆರಾಕ್ಕೆ ಎರಡೂ ಒಂದೇ. ಕೈಯಲ್ಲಿರುವ ವಸ್ತುವೇ ಟಿವಿಯನ್ನು ದಿಟ್ಟಿಸಿ ನೋಡುತ್ತಿದೆ ಎಂಬ ಈ ಯೋಚನೆ ನನಗೆ ಬಹಳ ಹಿಡಿಸಿತು.

ಕೈ ಬೀಸಿದ್ದನ್ನು ಅರಿಯುವುದು ಮಾತ್ರ ಬೇರೆ ಭಾಗ. ರಿಮೋಟಿನ ಒಂದು ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಸಿಲಿಕಾನ್ ಸ್ಪ್ರಿಂಗಿಗೆ ಅಂಟಿಕೊಂಡ ಸೂಕ್ಷ್ಮ ತುಣುಕೊಂದು ವೇಗ ಬದಲಾದಾಗ ತುಸು ಸರಿಯುತ್ತದೆ, ಅದರೊಂದಿಗೆ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ, ಅದನ್ನಳೆದು ಬೀಸು ತಿಳಿಯುತ್ತದೆ. ತಿರುವನ್ನು ನೇರವಾಗಿ ಅಳೆಯುವ ಗೈರೊಸ್ಕೋಪ್ 2006ರ ರಿಮೋಟಿನಲ್ಲಿ ಇರಲಿಲ್ಲ. 2009ರಲ್ಲಿ ರಿಮೋಟಿಗೆ ಜೋಡಿಸುವ ಮೋಷನ್‌ಪ್ಲಸ್ ಎಂಬ ಪುಟ್ಟ ಸಾಧನ ಅದನ್ನು ಸೇರಿಸಿತು. ಹಾಗಾಗಿ ಹಳೆಯ ರಿಮೋಟಿನ ಬೌಲಿಂಗ್ ಆಟದಲ್ಲಿ ತೋಳು ಪೂರ್ತಿ ಬೀಸುವ ಅಗತ್ಯವೇ ಇಲ್ಲ. ಭಾವ ಸೋಫಾದಿಂದ ಏಳದೆ ಮಣಿಕಟ್ಟನ್ನಷ್ಟೇ ಕೊಡವಿ ಎಲ್ಲರನ್ನೂ ಸೋಲಿಸಿದರು.