ಮಬ್ಬಿಗೆ ಯಾವ ಪದ?

ಇಂದು ಒಂದು ಇಂಗ್ಲಿಷ್ ವಾಕ್ಯದ ಮುಂದೆ ಅರ್ಧ ಗಂಟೆ ಕುಳಿತಿದ್ದೆ. ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಬೇಕಾಯಿತು ಎಂದು ಗೆಳತಿಗೆ ಬರೆಯಬೇಕಿತ್ತು, ಅಷ್ಟೇ.

ಮೊದಲು ‘ಡಾರ್ಕ್’ ಎಂದು ಬರೆದೆ. ಅಳಿಸಿದೆ. ಅದು ನಡುರಾತ್ರಿಗೂ ಸಲ್ಲುತ್ತದೆ, ಬಟ್ಟೆಯ ಬಣ್ಣಕ್ಕೂ ಸಲ್ಲುತ್ತದೆ.

‘ಡಿಮ್’ ಎಂದರೆ ಬೆಳಕು ಸಾಲದು ಎಂದಷ್ಟೇ. ‘ಮರ್ಕಿ’ಗೆ ಕಲಕಿದ ನೀರಿನ ಗುಣ ಬೇಕು, ಕತ್ತಲೆಯಲ್ಲಿ ಮಂಜೋ ಹೊಗೆಯೋ ಕದಡಿರಬೇಕು. ‘ಬ್ಲೀಕ್’ ಎಂದೊಡನೆ ಬಟ್ಟಬಯಲು ಮತ್ತು ಕೊರೆಯುವ ಗಾಳಿ ಕಣ್ಣೆದುರು ಬರುತ್ತವೆ. ಇಲ್ಲಿ ಎಲೆಯೂ ಅಲುಗುತ್ತಿರಲಿಲ್ಲ.

‘ಓವರ್‌ಕಾಸ್ಟ್’ ಹೆಚ್ಚುಕಡಿಮೆ ಸರಿ. ಹವಾಮಾನ ತಜ್ಞರು ಆಕಾಶವನ್ನು 8 ಪಾಲು ಮಾಡುತ್ತಾರೆ. ಎಂಟೂ ಪಾಲು ಮೋಡ ಮುಚ್ಚಿದರೆ ಅದು ಓವರ್‌ಕಾಸ್ಟ್. ಎಷ್ಟು ಖಚಿತ! ಆದರೆ ಅದು ಮೋಡದ ಲೆಕ್ಕ. ಎದೆಯ ಮೇಲೆ ಕುಳಿತ ಭಾರದ ಸುದ್ದಿ ಅದರಲ್ಲಿಲ್ಲ.

‘ಡಿಸ್ಮಲ್’ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅದರ ಬೇರು ಲ್ಯಾಟಿನ್ ಭಾಷೆಯ ‘ಕೆಟ್ಟ ದಿನಗಳು’. ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ 2ರಂತೆ ವರ್ಷಕ್ಕೆ 24 ಅಶುಭ ದಿನಗಳಿದ್ದವು. ಆ ದಿನಗಳ ಹೆಸರೇ ಮುಂದೆ ಬಣ್ಣಗೆಟ್ಟ ಹವೆಯ ವಿಶೇಷಣವಾಯಿತು. ನನ್ನ ಮಧ್ಯಾಹ್ನಕ್ಕೆ ಅಷ್ಟು ಕೇಡು ಇರಲಿಲ್ಲ, ಬಿಟ್ಟೆ.

ಕೊನೆಗೆ ‘ಗ್ಲೂಮಿ’. ಅದರಲ್ಲಿ ಆಕಾಶವೂ ಇದೆ, ಮುಖವೂ ಇದೆ. ನಮ್ಮ ‘ಮಂಕು’ ಹಾಗೆಯೇ ಅಲ್ಲವೇ? ಬೆಳಕೂ ಮಂಕಾಗುತ್ತದೆ, ಮನಸ್ಸೂ ಮಂಕಾಗುತ್ತದೆ.

ಪತ್ರ ಕಳುಹಿಸಿದೆ. ದೀಪ ಇನ್ನೂ ಉರಿಯುತ್ತಿದೆ.