ತೊಳೆದ ಮೇಲೆ ಕಂಡ ಹುಂಜ

ಆ ಬಿಳಿ ಹುಂಜವನ್ನು ತೊಳೆಯುವ ತನಕ ನಮ್ಮ ಶೆಡ್‌ನಲ್ಲಿ ಅದಕ್ಕಿಂತ ಒಳ್ಳೆಯ ಸಿಲ್ಕಿ, ಅಂದರೆ ರೇಷ್ಮೆಯಂಥ ಪುಕ್ಕದ ಕೋಳಿ, ಇಲ್ಲ ಅಂತಲೇ ನಾನು ನಂಬಿದ್ದೆ.

ಕೋಳಿ ಫಾರಂನಲ್ಲಿ ಸಿಲ್ಕಿಗಳ ತಳಿ ಆಯ್ಕೆ ನನ್ನ ಕೆಲಸ. ಬೆಳೆದ ಮರಿಗಳಲ್ಲಿ ಯಾವುದನ್ನು ಮುಂದಿನ ಪೀಳಿಗೆಗೆ ಇಟ್ಟುಕೊಳ್ಳಬೇಕು, ಯಾವುದನ್ನು ಪ್ರೀತಿಯಿಂದ ಸಾಕುವವರಿಗೆ ಕೊಡಬೇಕು ಅಂತ ನಾನೇ ತೀರ್ಮಾನಿಸಬೇಕು. ಆ ಹುಂಜಕ್ಕೆ ದೊಡ್ಡ ಜುಟ್ಟು, ತುಂಬಿದ ಗಡ್ಡ, ಕಾಲಿನ ತುದಿಯವರೆಗೂ ಪುಕ್ಕ. ದೂರದಿಂದ ಹತ್ತಿಯ ಉಂಡೆ ನಡೆದು ಬಂದ ಹಾಗೆ ಕಾಣುತ್ತಿತ್ತು. ನೋಡಿದ ಕೂಡಲೇ ಆರು ಹೇಂಟೆಗಳ ಜೊತೆ ಬಿಟ್ಟೆ.

ಒಂದು ದಿನ ಮಳೆಯ ಕೆಸರಿನಲ್ಲಿ ಹೊರಳಾಡಿ ಬಂತು. ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿಸಿದೆ. ಪುಕ್ಕವೆಲ್ಲ ಮೈಗೆ ಅಂಟಿಕೊಂಡಾಗ ಒಳಗಿನ ಕೋಳಿ ಕಂಡಿತು. ಕಿರಿದಾದ ಎದೆ, ಉದ್ದ ಬೆನ್ನು, ಒಂದಕ್ಕೊಂದು ಹತ್ತಿರವಿದ್ದ ಕಾಲುಗಳು. ರೆಕ್ಕೆ ಬಿಡಿಸಿ ನೋಡಿದರೆ ತುದಿಯ ದೊಡ್ಡ ಗರಿಗಳಿಗೂ ಒಳಗಿನ ಗರಿಗಳಿಗೂ ನಡುವೆ ಬೆರಳು ತೂರುವಷ್ಟು ಸಂದು. ಸ್ಪ್ಲಿಟ್ ವಿಂಗ್, ಅಂದರೆ ಸೀಳಿದ ರೆಕ್ಕೆಯ ದೋಷ! ರೆಕ್ಕೆ ಮಡಚಿಕೊಂಡು ನಿಂತಾಗ ಮೇಲಿನ ಪುಕ್ಕ ಇದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹುಂಜವನ್ನು ಒರೆಸಿ ಬೆಚ್ಚಗೆ ಇಟ್ಟು, ನೇರವಾಗಿ ಅದರ ಮರಿಗಳ ಹತ್ತಿರ ಹೋದೆ. ರೆಕ್ಕೆಗರಿ ಬಂದಿದ್ದ 11 ಮರಿಗಳಲ್ಲಿ 4ಕ್ಕೆ ಅದೇ ಸಂದು ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಇಡೀ ಋತುವಿನ ಜೋಡಿ ನನ್ನ ಕಣ್ಣನ್ನು ನಂಬಿ ಹಾಳಾಗಿತ್ತು.

ಸಿಲ್ಕಿ ಕೋಳಿಯ ತೊಂದರೆಯೇ ಇದು. ಬೇರೆ ಕೋಳಿಗಳ ಗರಿಯಲ್ಲಿ ಎಳೆಗಳು ಪುಟ್ಟ ಕೊಕ್ಕೆಗಳಿಂದ ಒಂದನ್ನೊಂದು ಹಿಡಿದುಕೊಂಡು ಚಪ್ಪಟೆಯಾಗಿ ಕೂರುತ್ತವೆ. ಸಿಲ್ಕಿಯ ಗರಿಯಲ್ಲಿ ಆ ಕೊಕ್ಕೆಗಳು ಕೆಲಸ ಮಾಡುವುದಿಲ್ಲ. ಅದಕ್ಕೇ ಪುಕ್ಕ ಕೂದಲಿನ ಹಾಗೆ ಉದುರುದುರಾಗಿ ನಿಲ್ಲುತ್ತದೆ, ಬೇಗ ನೆನೆಯುತ್ತದೆ, ಹಾರಲೂ ಆಗುವುದಿಲ್ಲ. ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಬೇರೆ ಜಾತಿಯ ಶುದ್ಧ ತಳಿಯೊಂದಿಗೆ ಕೂಡಿಸಿದರೆ ಮೊದಲ ತಲೆಮಾರಿನ ಮರಿಗಳೆಲ್ಲ ಸಾಮಾನ್ಯ ಗರಿಯವೇ. ರೇಷ್ಮೆ ಪುಕ್ಕ ಒಳಗೆ ಅಡಗಿರುತ್ತದೆ.

ಆ ದಿನದಿಂದ ನಾನು ಸಿಲ್ಕಿಯನ್ನು ಕೈಯಲ್ಲಿ ನೋಡಲು ಶುರು ಮಾಡಿದೆ.

ಮರಿ ಮೊಟ್ಟೆಯಿಂದ ಬಂದ ದಿನ ಬೆರಳು ಎಣಿಸುತ್ತೇನೆ. ಹೆಚ್ಚಿನ ಕೋಳಿಗಳಿಗೆ ನಾಲ್ಕು ಬೆರಳು, ಸಿಲ್ಕಿಗೆ ಐದು. ಬರೀ ಎಣಿಕೆ ಸಾಲದು. ಐದನೆಯದು ನಾಲ್ಕನೆಯದರಿಂದ ಬಿಡಿಯಾಗಿದ್ದು ಮೇಲಕ್ಕೆ ಬಾಗಿರಬೇಕು. ಎರಡೂ ಅಂಟಿಕೊಂಡಿದ್ದರೆ, ಆರು ಇದ್ದರೆ, ಒಂದು ಕಾಲಿಗೆ ನಾಲ್ಕೇ ಇದ್ದರೆ ಬರೆದುಕೊಳ್ಳುತ್ತೇನೆ. ಮಧ್ಯದ ಬೆರಳಿನ ಮೇಲೂ ಪುಕ್ಕ ಇದೆಯಾ ನೋಡುತ್ತೇನೆ. ಚರ್ಮ ಕಪ್ಪಾಗಿರಬೇಕು. ಸಿಲ್ಕಿಯಲ್ಲಿ ಚರ್ಮವಷ್ಟೇ ಅಲ್ಲ, ಮೂಳೆಯ ಮೇಲ್ಪದರವೂ ಕಪ್ಪು.

ತಲೆಯನ್ನು ಮುಟ್ಟುವಾಗ ಮಾತ್ರ ಬಹಳ ಹುಷಾರು. ಉಬ್ಬಿದ ತಲೆಯ ಮರಿಗಳಲ್ಲಿ ಜುಟ್ಟಿನ ಕೆಳಗೆ ತಲೆಬುರುಡೆಯ ಮೂಳೆ ಪೂರ್ತಿ ಕೂಡಿರುವುದಿಲ್ಲ. ಆ ಉಬ್ಬಿನೊಳಗೆ ಮಿದುಳಿನ ಭಾಗ ಇರುತ್ತದೆ. ಇನ್ನೊಂದು ಕೋಳಿ ಅಲ್ಲಿಗೆ ಕುಕ್ಕಿದರೆ ಕುತ್ತಿಗೆ ತಿರುಚಿಕೊಂಡು, ನಿಲ್ಲಲಾಗದೆ ಒದ್ದಾಡುತ್ತದೆ. ಅಂಥ ಮರಿಯನ್ನು ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದ್ದೇನೆ. ಉಬ್ಬು ದೊಡ್ಡದಿದ್ದಷ್ಟೂ ಜುಟ್ಟು ಚೆನ್ನಾಗಿ ನಿಲ್ಲುತ್ತದೆ ಅಂತ ಕೆಲವರು ಅದನ್ನೇ ಹುಡುಕಿ ಆರಿಸುತ್ತಾರೆ. ನಾನು ಆರಿಸುವುದಿಲ್ಲ. ಜುಟ್ಟಿಗಾಗಿ ಅಷ್ಟು ನೋವು ಬೇಡ.

ಆಮೇಲೆ ಕಾಯುವುದು. ನನಗೆ ಜಾಸ್ತಿ ಕಷ್ಟವಾದ ಪಾಠ ಇದೇ. ಮೂರು ನಾಲ್ಕು ತಿಂಗಳಿಗೆ ಸಿಲ್ಕಿ ಎಲ್ಲ ಕಡೆ ಉದ್ದುದ್ದ, ಅರ್ಧ ಪುಕ್ಕ ಉದುರಿಸಿಕೊಂಡಿರುತ್ತದೆ. ಗಂಡೋ ಹೆಣ್ಣೋ ಅಂತಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಐದಾರು ತಿಂಗಳಾದ ಮೇಲೆ ಹುಂಜದ ಜುಟ್ಟಿನಿಂದ ಉದ್ದ ಎಳೆಗಳು ಹಿಂದಕ್ಕೆ ಹರಿಯುತ್ತವೆ, ಹೇಂಟೆಯ ಜುಟ್ಟು ದುಂಡಗೆ ಕೂರುತ್ತದೆ. ಅಲ್ಲಿಯವರೆಗೆ ದೊಡ್ಡ ದೋಷ ಇಲ್ಲದ ಯಾವ ಮರಿಯನ್ನೂ ನಾನು ತೆಗೆದುಹಾಕುವುದಿಲ್ಲ.

ಬೆಳೆದ ಕೋಳಿಯನ್ನು ಎತ್ತಿಕೊಂಡಾಗ ಕಣ್ಣು ಮುಚ್ಚುತ್ತೇನೆ. ಎದೆ ಅಂಗೈ ತುಂಬಬೇಕು. ಎದೆಮೂಳೆ ನೆಟ್ಟಗಿರಬೇಕು. ಬೆನ್ನು ಗಿಡ್ಡಗಿದ್ದು, ಅಲ್ಲಿಂದ ಬಾಲದ ಕಡೆಗೆ ದಿಂಬಿನ ಹಾಗೆ ಏರಬೇಕು. ತೊಡೆಗಳ ನಡುವೆ ಜಾಗ ಇರಬೇಕು. ಆಮೇಲೆ ಎರಡೂ ರೆಕ್ಕೆ ಬಿಡಿಸುತ್ತೇನೆ. ಪುಕ್ಕವನ್ನು ಊದಿ ಬೇರ್ಪಡಿಸಿ ಹೇನು ಇದೆಯಾ ಅಂತಲೂ ನೋಡುತ್ತೇನೆ, ದಟ್ಟ ಪುಕ್ಕದ ಕೆಳಗೆ ಅದೂ ಅಡಗಿಕೊಳ್ಳುತ್ತದೆ.

ತೂಕದ ವಿಷಯದಲ್ಲಿ ಒಂದು ಮಾತು. ಅಮೆರಿಕದ ಮಾನದಂಡದಲ್ಲಿ ಸಿಲ್ಕಿ ಬ್ಯಾಂಟಮ್, ಅಂದರೆ ಗಿಡ್ಡ ಜಾತಿ. ಅಲ್ಲಿ ಹುಂಜ ಸುಮಾರು 1 ಕೆಜಿ, ಹೇಂಟೆ ಸುಮಾರು 900 ಗ್ರಾಂ. ಬ್ರಿಟನ್ನಿನಲ್ಲಿ ಅದನ್ನು ದೊಡ್ಡ ಕೋಳಿ ಅಂತ ಎಣಿಸುತ್ತಾರೆ, ಹುಂಜ 1.8 ಕೆಜಿವರೆಗೆ ಇರಬಹುದು. ಯಾವ ಮಾನದಂಡ ಅಂತ ಕೇಳದೆ ‘ಇದು ತೀರಾ ದೊಡ್ಡದು’ ಅಂದರೆ ಕೋಳಿಗೆ ಅನ್ಯಾಯ ಅಲ್ವಾ?

ಬಣ್ಣಕ್ಕೆ ಬರುವುದು ಕೊನೆಗೆ. ಕೋಂಬ್, ಅಂದರೆ ತಲೆಯ ಮೇಲಿನ ಮಾಂಸದ ಶಿಖೆ, ಅಕ್ರೋಟಿನ ಹಾಗೆ ಉರುಟಾಗಿದ್ದು ಹಣ್ಣಾದ ಹಿಪ್ಪುನೇರಳೆಯ ಬಣ್ಣ ಇರಬೇಕು. ಕೆಂಪಾದರೆ ದೋಷ. ಕಿವಿಯ ಹಾಲೆ ತಿಳಿ ನೀಲಿ-ಹಸಿರು ಇದ್ದರೆ ಚೆಂದ. ನೀಲಿ ಬಣ್ಣದ ಜೋಡಿಯಿಂದ ಕಪ್ಪು ಮರಿ, ಚುಕ್ಕೆಯ ಮರಿ ಬಂತು ಅಂತ ಗಾಬರಿ ಬೇಡ. ನೀಲಿಗೆ ನೀಲಿ ಕೂಡಿದರೆ ಸರಾಸರಿ ಅರ್ಧ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲ್ಯಾಶ್, ಅಂದರೆ ಚುಕ್ಕೆಯವು, ಬರುವುದೇ ಸರಿ. ಕಪ್ಪಿಗೆ ಸ್ಪ್ಲ್ಯಾಶ್ ಕೂಡಿಸಿದರೆ ಎಲ್ಲ ಮರಿಯೂ ನೀಲಿ.

ಕೈಗೂ ಸಿಗದ ದೋಷಗಳಿವೆ. ಆ ಆರು ಹೇಂಟೆಗಳ ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದೆ, ಎಲ್ಲವೂ ಸರಿಯಾಗಿದ್ದವು. ಆದರೆ ಮುಂದಿನ ವರ್ಷ, ರೆಕ್ಕೆ ಚೆನ್ನಾಗಿದ್ದ ಬೇರೆ ಹುಂಜ ಬಿಟ್ಟರೂ ಎರಡು ಹೇಂಟೆಗಳ ಮರಿಗಳಲ್ಲಿ ಸಂದು ಮತ್ತೆ ಬಂತು. ಇದು ನನಗೆ ಗೊತ್ತಾಗಿದ್ದು ಪ್ರತಿ ಹೇಂಟೆಯ ಮೊಟ್ಟೆಗೂ ಗುರುತು ಹಾಕಿ, ಮರಿಗಳಿಗೆ ರಿಂಗ್ ತೊಡಿಸಿ, ನೋಟ್‌ಬುಕ್ ಇಡಲು ಶುರು ಮಾಡಿದ್ದರಿಂದ. ಆ ಎರಡು ಹೇಂಟೆಗಳನ್ನೂ ಆ ಎರಡನೆಯ ಹುಂಜವನ್ನೂ ತಳಿಯಿಂದ ತೆಗೆದೆವು. ಬಿಳಿ ಹುಂಜವನ್ನು ಸಾಕಲು ಒಂದು ಮನೆಯವರಿಗೆ ಕೊಟ್ಟೆವು. ಅದು ಅಲ್ಲಿ ಮಕ್ಕಳ ತೊಡೆಯ ಮೇಲೆ ಕೂರುತ್ತದಂತೆ. ಅದರ ಸ್ವಭಾವದಲ್ಲಿ ಯಾವ ಸಂದೂ ಇರಲಿಲ್ಲ.

ಈಗಿನ ಹುಂಜ ನೋಡಲು ಸಾಧಾರಣ. ಜುಟ್ಟು ಚಿಕ್ಕದು. ಆದರೆ ಅಗಲವಾದ ಮೈ, ಸಂದಿಲ್ಲದ ರೆಕ್ಕೆ, ನೋಟ್‌ಬುಕ್‌ನಲ್ಲಿ ಎರಡು ವರ್ಷದ ಒಳ್ಳೆಯ ಮರಿಗಳು. ಅದರ ಜೋಡಿಯ ಒಂಬತ್ತು ಮೊಟ್ಟೆಗಳ ಮೇಲೆ ಒಂದು ಹಳೆಯ ಹೇಂಟೆ ಕಾವು ಕೂತಿದೆ. ಅದಕ್ಕೆ ಒಂದು ಕಾಲಿನಲ್ಲಿ ನಾಲ್ಕೇ ಬೆರಳು, ಹಾಗಾಗಿ ಅದರ ಸ್ವಂತ ಮೊಟ್ಟೆ ನಾವು ಇಡುವುದಿಲ್ಲ. ತಾಯಿಯಾಗಿ ಮಾತ್ರ ಅದಕ್ಕೆ ಸರಿಸಾಟಿ ಶೆಡ್‌ನಲ್ಲಿ ಇಲ್ಲ. ನಾಳೆಗೆ 21ನೇ ದಿನ. ರಿಂಗ್‌ಗಳನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.